ಶಿಬಿರದ ಬೇಲಿಯಾಚೆ ಪೊಲೀಸರು: ಅಮೆರಿಕದ ‘ಮೇ ಕಾಯ್ದೆ’ ಯಾರನ್ನು ಹಿಡಿಯಿತು?

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕ ಶಿಬಿರಗಳ ಸುತ್ತ ವೇಶ್ಯಾವಾಟಿಕೆ ತಡೆಯಲು ಅಲ್ಲಿನ ಕೇಂದ್ರ ಸರ್ಕಾರವೇ ಒಂದು ಕಾನೂನು ತಂದಿತ್ತಂತೆ. ಷಿಕಾಗೋದ ಪಾತಕಿ ಅಲ್ ಕಪೋನೆಯನ್ನು ಜೈಲಿಗೆ ಕಳಿಸಿದ ಅಧಿಕಾರಿ ಎಲಿಯಟ್ ನೆಸ್ ಆ ಕೆಲಸದ ಮುಖ್ಯಸ್ಥನಾಗಿದ್ದನಂತೆ. ಇದು ನಿಜವೇ? ಇಷ್ಟೆಲ್ಲ ಮಾಡಿದ್ದಕ್ಕೆ ಸೈನಿಕರಲ್ಲಿ ಗುಹ್ಯರೋಗ ಕಡಿಮೆಯಾಯಿತೇ? ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲೂ ಇಂಥದ್ದೇನಾದರೂ ಇತ್ತೇ? ನಾನು ಕಾನೂನು ವಿದ್ಯಾರ್ಥಿನಿ. ಸ್ವಲ್ಪ ವಿವರವಾಗಿ ತಿಳಿಸಿ.

ಉತ್ತರ: ಕಾನೂನು ಇದ್ದದ್ದು ನಿಜ, ಅದರ ಹೆಸರು ಮೇ ಕಾಯ್ದೆ. ನೆಸ್ ಆ ಕೆಲಸದ ಮುಖ್ಯಸ್ಥನಾಗಿದ್ದದ್ದೂ ನಿಜ. ರೋಗ ಕಡಿಮೆಯಾಯಿತೇ ಎಂಬುದಕ್ಕೆ ಮಾತ್ರ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಆ ಕಾನೂನು ದಂಧೆಯನ್ನು ಹಿಡಿಯಲು ಹೊರಟಿತು. ಆದರೆ ಅದರ ಕೈಗೆ ಸಿಕ್ಕವರು ಹೆಚ್ಚಾಗಿ ಹೆಂಗಸರು. ಅವರಲ್ಲಿ ಎಷ್ಟೋ ಜನರಿಗೆ ಆ ದಂಧೆಯ ಸಂಬಂಧವೇ ಇರಲಿಲ್ಲ. ಒಂದೇ ರೋಗ, ಆದರೆ ಸೈನಿಕನಿಗೆ ಸಿಕ್ಕಿದ್ದು ಔಷಧಿ, ಹೆಂಗಸಿಗೆ ಸಿಕ್ಕಿದ್ದು ಬೀಗ.

ಕಪೋನೆ ವಿಷಯ ಬಂದದ್ದರಿಂದ ಒಂದು ತಿದ್ದುಪಡಿ. ಅವನನ್ನು ಒಳಗೆ ಹಾಕಿಸಿದ್ದು 1931ರ ತೆರಿಗೆ ಪ್ರಕರಣ. ನೆಸ್ ಷಿಕಾಗೋದಲ್ಲಿ ಅವನ ಕಳ್ಳಭಟ್ಟಿಗಳನ್ನು ಒಡೆಸಿದ್ದು ಹೌದು, ಆದರೆ ಜೈಲಿಗೆ ದಾರಿ ಮಾಡಿದ್ದು ಲೆಕ್ಕಪತ್ರ ಜಾಲಾಡಿದವರು. ಸಿನಿಮಾದವರಿಗೆ ಕೋವಿ ಹಿಡಿದವನೇ ಬೇಕು, ಅಲ್ವಾ!

ಈಗ ವಿಷಯಕ್ಕೆ ಬರೋಣ. ಇದು ಶುರುವಾದದ್ದು ಎರಡನೇ ಯುದ್ಧದಲ್ಲಲ್ಲ, ಮೊದಲನೆಯದರಲ್ಲಿ. 1916ರಲ್ಲಿ ಅಮೆರಿಕದ ಪಡೆಗಳು ಮೆಕ್ಸಿಕೋ ಗಡಿಯಲ್ಲಿ ಬೀಡುಬಿಟ್ಟಿದ್ದವು. ಅಲ್ಲಿನ ಪರಿಸ್ಥಿತಿ ನೋಡಿಕೊಂಡು ಬರಲು ಯುದ್ಧಖಾತೆಯ ಕಾರ್ಯದರ್ಶಿ ನ್ಯೂಟನ್ ಬೇಕರ್, ರೇಮಂಡ್ ಫಾಸ್ಡಿಕ್ ಎಂಬಾತನನ್ನು ಕಳಿಸಿದ. ಶಿಬಿರದ ಬೇಲಿ ದಾಟಿದರೆ ಸಾಕು, ಹೆಂಡದಂಗಡಿ ಮತ್ತು ವೇಶ್ಯಾಗೃಹ. ಹುಡುಗರಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ, ತರಬೇತಿ ಶಿಬಿರಗಳ ಸುತ್ತಲಿನ ಬದುಕನ್ನು ನೋಡಿಕೊಳ್ಳಲು ಒಂದು ಆಯೋಗ ಮಾಡಿ ಫಾಸ್ಡಿಕ್‌ನನ್ನೇ ಅದರ ಅಧ್ಯಕ್ಷನನ್ನಾಗಿ ಮಾಡಿದರು. ಕಡ್ಡಾಯ ಸೇನಾ ಭರ್ತಿಯ ಕಾಯ್ದೆಯಲ್ಲೇ 13ನೇ ಕಲಮು ಸೇರಿಸಿದರು. ಶಿಬಿರದ ಸುತ್ತ 5 ಮೈಲಿಯೊಳಗೆ ವೇಶ್ಯಾವಾಟಿಕೆ ಅಪರಾಧವಾಯಿತು.

ಇದರ ಬಿಸಿ ತಟ್ಟಿದ ದೊಡ್ಡ ಊರು ನ್ಯೂ ಆರ್ಲಿಯನ್ಸ್. ಅಲ್ಲಿ ಸ್ಟೋರಿವಿಲ್ ಎಂಬ ಕೇರಿಯಲ್ಲಿ ಈ ದಂಧೆಗೆ ನಗರಸಭೆಯೇ ಗಡಿ ಹಾಕಿಕೊಟ್ಟಿತ್ತು. ಜಾಝ್ ಸಂಗೀತದ ಬಾಲ್ಯದ ಜೊತೆ ಈ ಕೇರಿಯ ಹೆಸರೂ ಅಂಟಿಕೊಂಡಿದೆ. ಊರಿನಲ್ಲಿ ನೌಕಾನೆಲೆ ಇತ್ತು. ಕೇರಿ ಮುಚ್ಚಿ ಎಂದು ನೌಕಾಖಾತೆ ಪಟ್ಟು ಹಿಡಿಯಿತು. ಮೇಯರ್ ವಾಷಿಂಗ್ಟನ್‌ಗೆ ಹೋಗಿ ವಾದಿಸಿದ, ಆದರೆ ಅಲ್ಲಿ ಯಾರೂ ಕೇಳಲಿಲ್ಲ. 1917ರ ನವೆಂಬರ್‌ನಲ್ಲಿ ಸ್ಟೋರಿವಿಲ್ ಮುಚ್ಚಿತು.

ಇಲ್ಲಿಯವರೆಗೆ ಮುಚ್ಚಿಸಿದ್ದು ಮನೆಗಳನ್ನು. ಆದರೆ ಮನೆ ಮುಚ್ಚಿದರೆ ಅದರಲ್ಲಿದ್ದವರು ಎಲ್ಲಿಗೆ ಹೋಗಬೇಕು? ಮುಂದಿನ ಹೆಜ್ಜೆ ಅವರ ಮೇಲೆಯೇ ಬಿತ್ತು. 1918ರ ಜುಲೈನಲ್ಲಿ ಚೇಂಬರ್ಲೇನ್–ಕಾನ್ ಕಾಯ್ದೆ ಬಂತು. ರೋಗ ಹರಡಬಹುದು ಎನಿಸಿದವರನ್ನು ಹಿಡಿದಿಡಲು ರಾಜ್ಯಗಳಿಗೆ ಹತ್ತು ಲಕ್ಷ ಡಾಲರ್ ತೆಗೆದಿಟ್ಟರು. ರಾಜ್ಯಗಳು ತಮ್ಮದೇ ಆರೋಗ್ಯ ನಿಯಮಗಳನ್ನು ಬಿಗಿ ಮಾಡಿದವು. ಅನುಮಾನ ಬಂದರೆ ಸಾಕು, ಹಿಡಿದು ಪರೀಕ್ಷೆ ಮಾಡಬಹುದು. ರೋಗ ಕಂಡರೆ ಗುಣವಾಗುವವರೆಗೆ ಹೊರಗೆ ಬಿಡಬೇಕಾಗಿಲ್ಲ. ಆ ಯುದ್ಧದ ಹೊತ್ತಿನಲ್ಲಿ ಹೀಗೆ ಒಳಗಾದ ಹೆಂಗಸರು ಸುಮಾರು 30,000 ಎಂದು ಇತಿಹಾಸಕಾರರು ಹೇಳುತ್ತಾರೆ. ಅದೇ ಕಾರಣಕ್ಕೆ ಗಂಡಸರನ್ನು ಕೂಡಿಹಾಕಿದ್ದು ತೀರ ಅಪರೂಪ. ಕಾನೂನು ಓದುವ ನಿಮಗೆ ಇಲ್ಲಿ ಒಂದು ಅಂಶ ಕಾಣಬೇಕು. ಇದು ಶಿಕ್ಷೆ ಅಲ್ಲ, ಕ್ವಾರಂಟೈನ್. ಶಿಕ್ಷೆ ಅಲ್ಲವೆಂದ ಮೇಲೆ ವಿಚಾರಣೆ, ಜಾಮೀನು, ವಕೀಲ ಎಂಬ ಮಾತಿಗೆ ಜಾಗವೇ ಇಲ್ಲ. ಸಿಡುಬಿನ ರೋಗಿಯನ್ನು ಬೇರೆ ಇಡುವ ಅಧಿಕಾರವನ್ನೇ ಎತ್ತಿ ತಂದು ಇಲ್ಲಿ ಬಳಸಿದರು.

ಆದರೆ ಸೈನ್ಯದ ವೈದ್ಯರ ಲೆಕ್ಕವೇ ಬೇರೆ ಕಥೆ ಹೇಳುತ್ತಿತ್ತು. ರೋಗ ಇದ್ದ ಹುಡುಗರಲ್ಲಿ ಹೆಚ್ಚಿನ ಪಾಲು ಜನ ಅದನ್ನು ಹತ್ತಿಸಿಕೊಂಡದ್ದು ಸಮವಸ್ತ್ರ ತೊಡುವ ಮೊದಲೇ, ಅವರವರ ಊರಿನಲ್ಲಿ. ಶಿಬಿರದ ಪಕ್ಕದ ಹೆಂಗಸಿನಿಂದಲ್ಲ. ವೈದ್ಯರಿಗೆ ಇದು ಗೊತ್ತಿತ್ತು, ಅಧಿಕಾರಿಗಳಿಗೂ ಗೊತ್ತಿತ್ತು. ಆದರೂ ಬೇಲಿಯಾಚೆ ನಿಂತವಳನ್ನು ಹಿಡಿಯುವುದು ಸುಲಭ, ಕಣ್ಣಿಗೂ ಕಾಣುತ್ತದೆ.

ಫ್ರಾನ್ಸ್‌ಗೆ ಹೋದ ಪಡೆಯ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1918ರಲ್ಲಿ ಫ್ರೆಂಚ್ ಪ್ರಧಾನಿ ಕ್ಲೆಮಾನ್ಸೋ, ನಿಮ್ಮ ಸೈನಿಕರಿಗೂ ಪರವಾನಗಿ ಇರುವ ವೇಶ್ಯಾಗೃಹಗಳ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದು ಪತ್ರ ಬರೆದ. ಫಾಸ್ಡಿಕ್ ಅದನ್ನು ಬೇಕರ್‌ಗೆ ತೋರಿಸಿದ. ದೇವರಾಣೆ, ಇದನ್ನು ಅಧ್ಯಕ್ಷ ವಿಲ್ಸನ್ ಅವರಿಗೆ ಮಾತ್ರ ತೋರಿಸಬೇಡ, ಯುದ್ಧವನ್ನೇ ನಿಲ್ಲಿಸಿಬಿಟ್ಟಾರು ಎಂದನಂತೆ ಬೇಕರ್.

ಇಷ್ಟೆಲ್ಲ ಮಾಡಿಯೂ ಆ ಯುದ್ಧದಲ್ಲಿ ಅಮೆರಿಕದ ಸೈನ್ಯ ಗುಹ್ಯರೋಗಗಳಿಂದ ಕಳೆದುಕೊಂಡ ಕೆಲಸದ ದಿನಗಳು 70 ಲಕ್ಷದ ಹತ್ತಿರ. ಯುದ್ಧ ಮುಗಿದ ಮೇಲೆ ಎಲ್ಲರೂ ಸುಮ್ಮನಾದರು. 1934ರಲ್ಲಿ ಥಾಮಸ್ ಪರಾನ್ ಎಂಬ ವೈದ್ಯ ರೇಡಿಯೋದಲ್ಲಿ ಮಾತನಾಡಬೇಕಿತ್ತು. ಸಿಫಿಲಿಸ್ ಎಂಬ ಗುಹ್ಯರೋಗದ ಹೆಸರು ಹೇಳಬಾರದು ಎಂದರು ರೇಡಿಯೋದವರು, ಆತ ಮಾತನಾಡದೆ ಎದ್ದು ಹೋದ. ಇದೇ ಪರಾನ್ ಎರಡು ವರ್ಷದ ನಂತರ ದೇಶದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯಸ್ಥ, ಆಗಿ, ರಕ್ತಪರೀಕ್ಷೆ ಮತ್ತು ಉಚಿತ ಚಿಕಿತ್ಸೆಯ ದೊಡ್ಡ ಕಾರ್ಯಕ್ರಮ ಶುರುಮಾಡಿದ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ನಿಜವಾದ ಕೆಲಸ ಮಾಡಿದ ಯೋಜನೆ ಅದು.

1940ರಲ್ಲಿ ಮತ್ತೆ ಕಡ್ಡಾಯ ಭರ್ತಿ ಬಂತು. 1939ರಲ್ಲಿ ಎರಡು ಲಕ್ಷವೂ ಇಲ್ಲದಿದ್ದ ಸೈನ್ಯ ಎರಡು ವರ್ಷದಲ್ಲಿ 14 ಲಕ್ಷ ದಾಟಿತು. ಭರ್ತಿಗೆ ಬಂದ ಪ್ರತಿಯೊಬ್ಬನ ರಕ್ತ ಪರೀಕ್ಷೆ ಮಾಡಿದರು. ನೂರಕ್ಕೆ ನಾಲ್ಕೈದು ಜನರಲ್ಲಿ ಸಿಫಿಲಿಸ್ ಸುಳಿವು ಸಿಕ್ಕಿತು. ಕೆಲವೇ ಸಾವಿರ ಜನರಿದ್ದ ಊರುಗಳ ಪಕ್ಕದಲ್ಲಿ ಹತ್ತಾರು ಸಾವಿರ ಹುಡುಗರ ಶಿಬಿರಗಳು ಎದ್ದವು. ಸಂಬಳದ ದಿನ ರಾತ್ರಿ ಅಂಥ ಊರು ಹೇಗಿರುತ್ತದೆ ಎಂದು ನೀವೇ ಊಹಿಸಿಕೊಳ್ಳಿ.

1941ರ ಜುಲೈ 11ರಂದು ಮೇ ಕಾಯ್ದೆ ಜಾರಿಗೆ ಬಂತು. ಈ ಹೆಸರು ಮೇ ತಿಂಗಳದ್ದಲ್ಲ. ಅದನ್ನು ತಂದ ಕೆಂಟಕಿಯ ಕಾಂಗ್ರೆಸ್ ಸದಸ್ಯ ಆಂಡ್ರ್ಯೂ ಮೇ ಎಂಬಾತನದು. ಕಾಯ್ದೆ ಚಿಕ್ಕದು. ಯುದ್ಧಖಾತೆ ಅಥವಾ ನೌಕಾಖಾತೆಯ ಕಾರ್ಯದರ್ಶಿ ಒಂದು ಶಿಬಿರದ ಸುತ್ತಲಿನ ಪ್ರದೇಶವನ್ನು ಗುರುತಿಸಿ ಘೋಷಿಸಿದರೆ, ಅಲ್ಲಿ ವೇಶ್ಯಾವಾಟಿಕೆ ನಡೆಸುವುದು, ಅದಕ್ಕೆ ನೆರವಾಗುವುದು, ಗಿರಾಕಿ ಕರೆಯುವುದು ಇವೆಲ್ಲ ಕೇಂದ್ರದ ಅಪರಾಧ. ಒಂದು ವರ್ಷದವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ, ಅಥವಾ ಎರಡೂ. ಸಾಮಾನ್ಯವಾಗಿ ಇಂಥ ಅಪರಾಧ ಅಮೆರಿಕದಲ್ಲಿ ರಾಜ್ಯಗಳ ಕೈಯಲ್ಲಿರುತ್ತದೆ. ಇಲ್ಲಿ ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ನೇರವಾಗಿ ಬರಬಹುದಿತ್ತು.

ಬಂದದ್ದು ಎಷ್ಟು ಸಲ ಗೊತ್ತಾ? ಇಡೀ ಯುದ್ಧದಲ್ಲಿ ಎರಡೇ ಸಲ. 1942ರ ಮೇನಲ್ಲಿ ಟೆನೆಸಿಯ ಕ್ಯಾಂಪ್ ಫಾರೆಸ್ಟ್ ಸುತ್ತ 27 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು), ಜುಲೈನಲ್ಲಿ ನಾರ್ತ್ ಕ್ಯಾರೊಲಿನಾದ ಫೋರ್ಟ್ ಬ್ರ್ಯಾಗ್ ಸುತ್ತ 12 ಕೌಂಟಿಗಳಲ್ಲಿ. ಉಳಿದೆಡೆ ಅದು ಬೆದರಿಕೆಯಾಗಿಯೇ ಕೆಲಸ ಮಾಡಿತು. ನೀವು ಮುಚ್ಚುತ್ತೀರೋ, ಎಫ್‌ಬಿಐ ಬರಬೇಕೋ ಎಂದು ಊರಿನ ಮೇಯರ್‌ಗೆ, ಶೆರಿಫ್‌ಗೆ ಕೇಳುವುದು. ತಮ್ಮ ಊರಿನ ಹೆಸರು ಪೇಪರ್‌ನಲ್ಲಿ ಹಾಗೆ ಬರುವುದು ಯಾರಿಗೂ ಬೇಡವಾಗಿತ್ತು. ಊರಿಂದೂರಿಗೆ ಹೋಗಿ ಹೀಗೆ ಕೇಳುವ ಕೆಲಸ ಸೋಷಿಯಲ್ ಪ್ರೊಟೆಕ್ಷನ್ ಡಿವಿಷನ್ ಎಂಬ ವಿಭಾಗದ್ದು. 1942ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಕೆಲಸ ಬಿಟ್ಟು ಬಂದ ನೆಸ್ ಈ ವಿಭಾಗದ ಮುಖ್ಯಸ್ಥನಾದ, 1944ರವರೆಗೆ ಇದ್ದ.

ನೆಸ್ ಕೆಲಸಗಾರ. ಪೊಲೀಸ್ ಮುಖ್ಯಸ್ಥರನ್ನು ಸೇರಿಸಿ ಸಮಿತಿ ಮಾಡಿದ. ಟ್ಯಾಕ್ಸಿ ಮಾಲೀಕರು, ಹೋಟೆಲಿನವರು, ಬಾರ್‌ನವರ ಜೊತೆ ಕೂತು ಮಾತಾಡಿದ. ಏಕೆಂದರೆ ವೇಶ್ಯಾಗೃಹ ಮುಚ್ಚಿದ ಕೂಡಲೇ ದಂಧೆ ಟ್ಯಾಕ್ಸಿಗೆ, ಹೆದ್ದಾರಿ ಬದಿಯ ಬಾಡಿಗೆ ಕೋಣೆಗಳಿಗೆ, ಟ್ರೇಲರ್ ಗಾಡಿಗಳಿಗೆ ಹೋಗಿಬಿಡುತ್ತಿತ್ತು. ನೂರಾರು ಊರುಗಳಲ್ಲಿ ಕೆಂಪುದೀಪದ ಕೇರಿಗಳು ಮುಚ್ಚಿದವು. ಅಷ್ಟರ ಮಟ್ಟಿಗೆ ಗೆಲುವು ಅನ್ನೋಣ.

ಆಮೇಲೆ ಎದುರಾಯಿತು ತೊಡಕು. ರೋಗ ಬಂದ ಸೈನಿಕನನ್ನು ಕೂರಿಸಿಕೊಂಡು ಯಾರಿಂದ ಬಂತು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಕೇರಿಗಳು ಮುಚ್ಚುತ್ತಾ ಬಂದಂತೆ, ಸೈನಿಕರು ಹೇಳುವ ಹೆಸರುಗಳಲ್ಲಿ ವೇಶ್ಯೆಯರು ಕಡಿಮೆಯಾದರು. ಡ್ಯಾನ್ಸ್ ಹಾಲ್‌ನಲ್ಲಿ ಸಿಕ್ಕ ಹುಡುಗಿ, ಬಸ್ ನಿಲ್ದಾಣದಲ್ಲಿ ಪರಿಚಯವಾದವಳು, ಹೋಟೆಲಿನಲ್ಲಿ ಊಟ ಬಡಿಸುವವಳು, ಕೊನೆಗೆ ಗೆಳತಿ, ಹೆಂಡತಿ. ದುಡ್ಡಿನ ಮಾತೇ ಇಲ್ಲ. ಹಾಗಾದರೆ ಇದು ವೇಶ್ಯಾವಾಟಿಕೆ ಹೇಗಾಯಿತು? ಇಲಾಖೆ ನಿಂತು ಯೋಚಿಸಬೇಕಿತ್ತು. ಅದರ ಬದಲು ಬಲೆಯನ್ನು ಹಿಗ್ಗಿಸಿತು. ‘ವಿಕ್ಟರಿ ಗರ್ಲ್’ ಎಂದು ಇವರಿಗೆ ಒಂದು ಹೆಸರಿಟ್ಟರು. ಇವಳು ವೇಶ್ಯೆಗಿಂತ ಅಪಾಯಕಾರಿ, ಏಕೆಂದರೆ ನೋಡಿದರೆ ಗೊತ್ತಾಗುವುದಿಲ್ಲ ಎಂಬ ಪ್ರಚಾರ ಶುರುವಾಯಿತು. ಪಕ್ಕದ ಮನೆಯ ಹುಡುಗಿಯಂತೆ ನಗುತ್ತಿರುವ ಮುಖ, ಕೆಳಗೆ ‘ಇವಳು ಶುದ್ಧ ಅನಿಸಬಹುದು, ಆದರೆ...’ ಎನ್ನುವ ಪೋಸ್ಟರ್ ಆ ಕಾಲದ್ದೇ.

ನೆಲದ ಮೇಲೆ ಇದು ನಡೆದ ಬಗೆ ಹೀಗೆ. ಯುದ್ಧದ ಕಾರ್ಖಾನೆ ಕೆಲಸ ಹುಡುಕಿಕೊಂಡು, ಅಥವಾ ಶಿಬಿರದಲ್ಲಿರುವ ಗೆಳೆಯನನ್ನು ನೋಡಲು, ಹುಡುಗಿಯೊಬ್ಬಳು ಪರವೂರಿಗೆ ಬರುತ್ತಾಳೆ. ರಾತ್ರಿ ಹೊತ್ತು ಒಬ್ಬಳೇ ಹೋಟೆಲಿನಲ್ಲಿ ಕೂತಿದ್ದಾಳೆ, ಅಥವಾ ಸೈನಿಕನ ಜೊತೆ ಇದ್ದಾಳೆ. ಪೊಲೀಸರು ಹಿಡಿಯುತ್ತಾರೆ. ಮೇ ಕಾಯ್ದೆ ಬೇಕಾಗಿಯೇ ಇಲ್ಲ. ಅಲೆಮಾರಿತನ, ಅಸಭ್ಯ ನಡತೆ ಎಂಬ ಹಳೆಯ ಕಲಮುಗಳು ಸಾಕು. ಠಾಣೆಗೆ ಬಂದ ಮೇಲೆ ರಕ್ತಪರೀಕ್ಷೆ ಕಡ್ಡಾಯ. ವರದಿ ಬರುವವರೆಗೆ ಲಾಕಪ್. ಹೀಗೆ ಹಿಡಿದವರಲ್ಲಿ ಎಷ್ಟೋ ಜನರಿಗೆ ಯಾವ ರೋಗವೂ ಇರಲಿಲ್ಲ. ಅಷ್ಟರಲ್ಲಿ ಕೆಲಸ ಹೋಗಿರುತ್ತಿತ್ತು, ಊರಿಗೆ ಸುದ್ದಿ ಮುಟ್ಟಿರುತ್ತಿತ್ತು. ಸೈನಿಕ ಮಾತ್ರ ಶಿಬಿರಕ್ಕೆ ವಾಪಸ್.

ರೋಗ ಇದ್ದವರಿಗೆ ‘ತ್ವರಿತ ಚಿಕಿತ್ಸಾ ಕೇಂದ್ರ’ಗಳು. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರಿಗಾಗಿ ಕಟ್ಟಿದ್ದ ಶಿಬಿರಗಳು ಖಾಲಿ ಬಿದ್ದಿದ್ದವು. ಕೆಲವನ್ನು ಇದಕ್ಕೆ ಬಳಸಿಕೊಂಡರು. ನೆಸ್ ಇದರ ಪರವಾಗಿದ್ದ. ಲೂಸಿಯಾನಾದ ಲೀಸ್‌ವಿಲ್‌ನಲ್ಲೂ ಇಂಥ ಒಂದು ಕೇಂದ್ರವಿತ್ತು. ಚಿಕಿತ್ಸೆ ಎಂದರೆ ಏನು? ಸಿಫಿಲಿಸ್‌ಗೆ ಅಂದು ಇದ್ದದ್ದು ಪಾಷಾಣದ, ಅಂದರೆ ಆರ್ಸೆನಿಕ್‌ನ, ಚುಚ್ಚುಮದ್ದು. ಮಾಮೂಲಿ ಕ್ರಮದಲ್ಲಿ ವಾರಕ್ಕೊಂದರಂತೆ ಒಂದೂವರೆ ವರ್ಷ ಹಿಡಿಯುತ್ತಿತ್ತು. ಅದನ್ನು ಕೆಲವೇ ವಾರಗಳಿಗೆ, ಕೆಲವೆಡೆ ಐದು ದಿನದ ಡ್ರಿಪ್‌ಗೆ ಇಳಿಸಿದ್ದೇ ‘ತ್ವರಿತ’. ಅಷ್ಟು ವಿಷ ಅಷ್ಟು ಬೇಗ ಮೈಗೆ ಹೋದರೆ ಎಲ್ಲರ ದೇಹವೂ ತಾಳುವುದಿಲ್ಲ. ಕೆಲವರು ಸತ್ತರು. ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಡ ಹೆಂಗಸರಲ್ಲಿ ಹಲವರಿಗೆ ಬಿಟ್ಟಿ ಚಿಕಿತ್ಸೆ ಸಿಕ್ಕಿದ್ದು ಇಲ್ಲೇ, ಅದೂ ಮೊದಲ ಸಲ. ಬೀಗವಿಲ್ಲದೆಯೂ ಅದನ್ನು ಕೊಡಬಹುದಿತ್ತು ಎಂಬುದು ನನ್ನ ತಕರಾರು.

ಅದೇ ಸರ್ಕಾರದ ಅದೇ ಸಾರ್ವಜನಿಕ ಆರೋಗ್ಯ ಸೇವೆ ಅಲಬಾಮಾದ ಟಸ್ಕೀಗಿಯಲ್ಲಿ ಏನು ಮಾಡುತ್ತಿತ್ತು ನೋಡಿ. 1932ರಿಂದ ಅಲ್ಲಿ ಸಿಫಿಲಿಸ್ ಇದ್ದ ನೂರಾರು ಕಪ್ಪು ಜನಾಂಗದ ಗಂಡಸರನ್ನು ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಿದ್ದರು. ಯುದ್ಧ ಬಂದಾಗ ಅವರಲ್ಲಿ ಕೆಲವರಿಗೆ ಭರ್ತಿಯ ಕರೆ ಬಂತು. ಸೈನ್ಯಕ್ಕೆ ಹೋದರೆ ಚಿಕಿತ್ಸೆ ಸಿಕ್ಕಿಬಿಡುತ್ತದೆ ಎಂದು, ಇವರನ್ನು ಬಿಟ್ಟುಬಿಡಿ ಎಂದು ಭರ್ತಿ ಮಂಡಳಿಗೆ ಹೆಸರಿನ ಪಟ್ಟಿ ಕೊಟ್ಟರು. ಒಂದು ಕಡೆ ಅನುಮಾನದ ಮೇಲೆ ಹೆಂಗಸರಿಗೆ ಬಲವಂತದ ಚಿಕಿತ್ಸೆ, ಇನ್ನೊಂದು ಕಡೆ ಖಚಿತವಾಗಿ ರೋಗವಿದ್ದವರಿಗೆ ಚಿಕಿತ್ಸೆ ಸಿಗದಂತೆ ತಡೆ. ಆ ಪ್ರಯೋಗ ನಿಂತದ್ದು 1972ರಲ್ಲಿ.

ಇನ್ನು ಸೈನಿಕನ ಕಡೆ. ಅವನಿಗೆ ಉಪದೇಶ ಇತ್ತು, ಸಿನಿಮಾ ಇತ್ತು, ಕಾಂಡೋಮ್ ಇತ್ತು. ಸಂಪರ್ಕವಾದ ಮೇಲೆ ಹೋಗಿ ತೊಳೆದುಕೊಂಡು ಮುಲಾಮು ಹಚ್ಚಿಸಿಕೊಳ್ಳಲು ರಾತ್ರಿಯಿಡೀ ತೆರೆದಿರುವ ಕೇಂದ್ರಗಳಿದ್ದವು. ಬಾಯಲ್ಲಿ ಬ್ರಹ್ಮಚರ್ಯ, ಕೈಯಲ್ಲಿ ಮುಲಾಮು. ಒಂದು ಶಿಕ್ಷೆ ಮಾತ್ರ ಬಹಳ ವರ್ಷ ಉಳಿದಿತ್ತು. ಗುಹ್ಯರೋಗದಿಂದ ಆಸ್ಪತ್ರೆ ಸೇರಿದರೆ ಆ ದಿನಗಳ ಸಂಬಳ ಕಟ್. ಪರಿಣಾಮ? ಹುಡುಗರು ರೋಗ ಮುಚ್ಚಿಟ್ಟರು. ವೈದ್ಯರು ಗೋಗರೆದು 1944ರಲ್ಲಿ ಅದನ್ನು ತೆಗೆಸಿದರು. ಶಿಕ್ಷೆಯ ಭಯ ರೋಗವನ್ನು ಬಚ್ಚಿಡಿಸುತ್ತದೆ ಎಂಬುದು ಸೈನಿಕನ ವಿಷಯದಲ್ಲಿ ಅವರಿಗೆ ಅರ್ಥವಾಯಿತು. ಹೆಂಗಸಿನ ವಿಷಯದಲ್ಲಿ ಆಗಲಿಲ್ಲ.

ಮೇ ಕಾಯ್ದೆಯ ಕಾಲದಲ್ಲೇ ಹವಾಯಿಯಲ್ಲಿ ಬೇರೆಯದೇ ನಾಟಕ ನಡೆಯುತ್ತಿತ್ತು. ಹೊನೊಲುಲುವಿನ ಹೋಟೆಲ್ ಸ್ಟ್ರೀಟ್‌ನಲ್ಲಿ ವೇಶ್ಯಾಗೃಹಗಳು ಹಗಲಿನಲ್ಲೇ ತೆರೆದಿದ್ದವು. ಹೊರಗೆ ಸೈನಿಕರ, ನಾವಿಕರ ಉದ್ದ ಸಾಲು. ದರ 3 ಡಾಲರ್, ಸಮಯ 3 ನಿಮಿಷ. ಸುಮಾರು 250 ಹೆಂಗಸರು ಪೊಲೀಸರ ಬಳಿ ನೋಂದಾಯಿಸಿಕೊಂಡಿದ್ದರು, ನಿಯಮಿತ ವೈದ್ಯಕೀಯ ತಪಾಸಣೆ ನಡೆಯುತ್ತಿತ್ತು. ಕಾನೂನಿನ ಪ್ರಕಾರ ಇದು ಅಲ್ಲೂ ಅಪರಾಧವೇ! ಪೊಲೀಸರ ನಿಯಮಗಳು ವಿಚಿತ್ರ. ವೈಕಿಕಿ ಕಡಲತೀರಕ್ಕೆ ಹೋಗಬಾರದು, ಕಾರು ಅಥವಾ ಮನೆ ಕೊಳ್ಳಬಾರದು, ಸೈನಿಕನನ್ನು ಮದುವೆಯಾಗಬಾರದು, ರಾತ್ರಿ ಹತ್ತೂವರೆ ಮೇಲೆ ಹೊರಗೆ ಕಾಣಬಾರದು. ಪರ್ಲ್ ಹಾರ್ಬರ್ ದಾಳಿಯ ನಂತರ ಸೈನಿಕ ಆಡಳಿತ ಬಂತು. 1942ರಲ್ಲಿ ಈ ಹೆಂಗಸರು ಮುಷ್ಕರ ಹೂಡಿದರು! ಮೂರು ವಾರ ಫಲಕ ಹಿಡಿದು ನಿಂತರು. ಹೆಚ್ಚು ದುಡ್ಡಿಗಾಗಿ ಅಲ್ಲ, ಬೇಕಾದಲ್ಲಿ ಮನೆ ಮಾಡಿಕೊಂಡು ಬೇಕಾದಲ್ಲಿ ಓಡಾಡುವ ಹಕ್ಕಿಗಾಗಿ. ಸೈನಿಕ ಪೊಲೀಸರಿಗೂ ಊರಿನ ಪೊಲೀಸರಿಗೂ ನಡುವೆ ಜಟಾಪಟಿ ಇತ್ತು, ಇವರು ಅದನ್ನು ಚೆನ್ನಾಗಿ ಬಳಸಿಕೊಂಡರು. ಮನೆಗಳ ಹೊರಗೆ ವಾಸಿಸಲು ಅವಕಾಶ ಸಿಕ್ಕಿತು. 1944ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಸ್ಟೇನ್‌ಬ್ಯಾಕ್ ಎಲ್ಲ ಮನೆಗಳನ್ನೂ ಮುಚ್ಚಿಸಿದ. ಅಂದರೆ ಟೆನೆಸಿಯಲ್ಲಿ ಎಫ್‌ಬಿಐ, ಹೊನೊಲುಲುವಿನಲ್ಲಿ ಸರದಿ ಸಾಲು. ಸರ್ಕಾರ ಒಂದೇ, ಯುದ್ಧ ಒಂದೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಅಮೆರಿಕದೊಳಗಿನ ಶಿಬಿರಗಳಲ್ಲಿ ರೋಗದ ಪ್ರಮಾಣ ಹಿಂದಿನ ಯುದ್ಧಕ್ಕಿಂತ ಕಡಿಮೆ ಇತ್ತು. ಕೇರಿಗಳನ್ನು ಮುಚ್ಚಿದ್ದಕ್ಕೆ ಅದರಲ್ಲಿ ಸ್ವಲ್ಪ ಪಾಲು ಕೊಡಬಹುದು. ಆದರೆ ಅದೇ ಹೊತ್ತಿಗೆ ರಕ್ತಪರೀಕ್ಷೆ, ಕಾಂಡೋಮ್, ಗೊನೋರಿಯಾ ಎಂಬ ಇನ್ನೊಂದು ಗುಹ್ಯರೋಗಕ್ಕೆ ಸಲ್ಫಾ ಗುಳಿಗೆಗಳು ಎಲ್ಲವೂ ಬಂದಿದ್ದವು. 1943ರಲ್ಲಿ ಜಾನ್ ಮಹೋನಿ ಎಂಬ ವೈದ್ಯ ಸ್ಟೇಟನ್ ಐಲೆಂಡ್‌ನ ಆಸ್ಪತ್ರೆಯಲ್ಲಿ ನಾಲ್ವರು ಸಿಫಿಲಿಸ್ ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಗುಣಪಡಿಸಿದ. ಮರುವರ್ಷ ಸೈನ್ಯ ಅದನ್ನೇ ಹಿಡಿಯಿತು. ನಾಗರಿಕರ ಅಂಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಬಂಧನಗಳು ಜೋರಾಗಿದ್ದ ವರ್ಷಗಳೆಲ್ಲ ಮುಗಿದ ಮೇಲೆ, 1946ರಲ್ಲಿ, ದೇಶದಲ್ಲಿ ಹೊಸ ಸಿಫಿಲಿಸ್ ಪ್ರಕರಣಗಳು ತುತ್ತತುದಿ ಮುಟ್ಟಿದವು. ಸುಮಾರು 95,000. ಹತ್ತು ವರ್ಷದಲ್ಲಿ ಅದು ಹತ್ತನೇ ಒಂದು ಪಾಲಿಗಿಂತ ಕೆಳಗಿಳಿಯಿತು. ಇಳಿಸಿದ್ದರಲ್ಲಿ ಪೆನಿಸಿಲಿನ್ ಪಾಲೇ ದೊಡ್ಡದು. ಹಾಗಂತ ಔಷಧಿಯೊಂದೇ ಸಾಕು ಎಂದೂ ಅಲ್ಲ. ಪೆನಿಸಿಲಿನ್ ಕೈಯಲ್ಲಿದ್ದರೂ ಯುದ್ಧ ಮುಗಿದ ಮೇಲೆ ಜರ್ಮನಿ, ಜಪಾನ್‌ಗಳಲ್ಲಿ ಬೀಡುಬಿಟ್ಟ ಪಡೆಗಳಲ್ಲಿ ರೋಗ ವಿಪರೀತ ಏರಿತು.

ಬೆಂಗಳೂರಿಗೆ ಬರೋಣ. ಇಲ್ಲಿ ಇದ್ದದ್ದು ಉಲ್ಟಾ ವ್ಯವಸ್ಥೆ. ಬ್ರಿಟಿಷರು ದಂಧೆಯನ್ನು ಮುಚ್ಚಿಸಲಿಲ್ಲ, ನಡೆಸಿದರು. 1809ರಲ್ಲಿ ಶುರುವಾದ ಬೆಂಗಳೂರು ದಂಡಿನಲ್ಲಿ ‘ಲಾಕ್ ಹಾಸ್ಪಿಟಲ್’ ಇತ್ತು. ಗುಹ್ಯರೋಗ ಇದೆ ಎಂದು ಕಂಡ ಹೆಂಗಸರನ್ನು ಇಟ್ಟುಕೊಳ್ಳುವ ಆಸ್ಪತ್ರೆ ಅದು. ಬಳ್ಳಾರಿ ದಂಡಿನಲ್ಲೂ ಇತ್ತು. ಮದ್ರಾಸ್ ಪ್ರಾಂತ್ಯದ ವಾರ್ಷಿಕ ವರದಿಗಳಲ್ಲಿ ಇವುಗಳ ಲೆಕ್ಕ ಸಿಗುತ್ತದೆ, ಹುಡುಕಿ ನೋಡಿ. 1864ರ ದಂಡು ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇದಕ್ಕೆ ಆಧಾರ. ಹೆಂಗಸರ ಹೆಸರು ನೋಂದಾಯಿಸುವುದು, ಆಗಾಗ ತಪಾಸಣೆ, ರೋಗ ಕಂಡರೆ ಆಸ್ಪತ್ರೆಯಲ್ಲಿ ಕೂಡಿಹಾಕುವುದು. ಸೈನಿಕರನ್ನೇ ತಪಾಸಣೆ ಮಾಡುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಅವರ ಮಾನಕ್ಕೆ ಕುಂದು ಎಂದು ಅದಕ್ಕೂ ಮೊದಲೇ ಕೈಬಿಟ್ಟಿದ್ದರು.

1886ರಲ್ಲಿ ಭಾರತದ ಸೈನ್ಯದ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತು. ರೆಜಿಮೆಂಟ್ ಬಜಾರುಗಳಲ್ಲಿ ಸಾಕಷ್ಟು ಹೆಂಗಸರಿರಬೇಕು, ಅವರು ನೋಡಲು ಚೆನ್ನಾಗಿರಬೇಕು, ಅವರಿಗೆ ಸರಿಯಾದ ಮನೆ ಒದಗಿಸಬೇಕು, ತೊಳೆದುಕೊಳ್ಳಲು ನೀರಿನ ವ್ಯವಸ್ಥೆ ಇರಲೇಬೇಕು ಎಂಬುದು ಅದರ ಸಾರ. ಇದು ಲಂಡನ್‌ನಲ್ಲಿ ಬಯಲಾದಾಗ ದೊಡ್ಡ ರಾದ್ಧಾಂತವಾಯಿತು. 1888ರಲ್ಲಿ ಪಾರ್ಲಿಮೆಂಟ್ ಇದರ ವಿರುದ್ಧ ನಿರ್ಣಯ ಮಾಡಿತು, ಭಾರತದ ಕಾಯ್ದೆಯೂ ರದ್ದಾಯಿತು. ದಂಡಿನ ನಿಯಮಗಳ ಹೆಸರಲ್ಲಿ ಬೇರೆ ರೂಪದಲ್ಲಿ ತಪಾಸಣೆ ಆಮೇಲೂ ನಡೆದೇ ಇತ್ತು. 1895ರಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಪೈಕಿ ಗುಹ್ಯರೋಗಕ್ಕೆ ಆಸ್ಪತ್ರೆ ಸೇರಿದ ಪ್ರಕರಣಗಳು ಸಾವಿರಕ್ಕೆ 500ಕ್ಕೂ ಜಾಸ್ತಿ.

ನಿಮ್ಮ ಓದಿಗೆ ಒಂದು ಮಾತು. ಮೇ ಕಾಯ್ದೆ ಯುದ್ಧದ ಜೊತೆ ಸಾಯಲಿಲ್ಲ. 1946ರಲ್ಲಿ ಅದನ್ನು ಶಾಶ್ವತ ಮಾಡಿದರು. ಅಮೆರಿಕದ ಕೇಂದ್ರ ಅಪರಾಧ ಸಂಹಿತೆಯ 18ನೇ ಶೀರ್ಷಿಕೆ, 1384ನೇ ಕಲಮು ತೆಗೆದು ನೋಡಿ. ಆದರೆ ಅದನ್ನು ತಂದ ಆಂಡ್ರ್ಯೂ ಮೇ ಮರುವರ್ಷವೇ, ಯುದ್ಧದ ಗುತ್ತಿಗೆಗಳಲ್ಲಿ ಲಂಚ ತಿಂದದ್ದು ಸಾಬೀತಾಗಿ, ಶಿಕ್ಷೆಗೆ ಗುರಿಯಾದ. ಸೈನಿಕ ದುಡ್ಡು ಕೊಟ್ಟು ವೇಶ್ಯೆಯ ಬಳಿ ಹೋಗುವುದು ಒಂದು ಪ್ರತ್ಯೇಕ ಅಪರಾಧವಾಗಿ ಅಮೆರಿಕದ ಸೈನಿಕ ನ್ಯಾಯಾಲಯಗಳ ಕೈಪಿಡಿಗೆ ಸೇರಿದ್ದು 2005ರಲ್ಲಿ. ಗರಿಷ್ಠ ಶಿಕ್ಷೆ ಒಂದು ವರ್ಷ ಜೈಲು, ಜೊತೆಗೆ ಸೈನ್ಯದಿಂದ ವಜಾ.